ಹುಳು ಮನೆಯ ಶಿಸ್ತು, ನನ್ನ ತುರಿಕೆ

ಸಾದಲಿಯ ನಮ್ಮ ಹುಳು ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ನೆನೆಸಿದ ಗೋಣಿಚೀಲ ಹಾಸಿರುತ್ತದೆ. ಕಾಲು ಒರೆಸದೆ, ಕೈ ತೊಳೆಯದೆ ಯಾರೂ ಒಳಗೆ ಹೋಗುವಂತಿಲ್ಲ. ರೇಷ್ಮೆ ಹುಳುವಿಗೆ ರೋಗ ತಗುಲಿದರೆ ಬೆಳೆ ಪೂರ್ತಿ ಹೋಗುತ್ತದೆ. ಮದುವೆಯಾಗಿ ಬಂದ ವಾರವೇ ನನ್ನ ಅತ್ತೆ ಕಲಿಸಿದ ಈ ನಿಯಮವನ್ನು ನಾನು ಒಂದು ದಿನವೂ ತಪ್ಪಿಸಿಲ್ಲ.

ಮುಟ್ಟು ನಿಂತು ಕೆಲವು ವರ್ಷಗಳಾದ ಮೇಲೆ ಯೋನಿಯಲ್ಲಿ ತುರಿಕೆ, ಉರಿ ಶುರುವಾಯಿತು. ಯಾರಿಗೂ ಹೇಳಲಿಲ್ಲ. ನನಗೆ ಗೊತ್ತಿದ್ದ ಉಪಾಯ ಒಂದೇ. ಗಾಯ ತೊಳೆಯುವ ಔಷಧಿಯನ್ನು ಬಿಸಿನೀರಿಗೆ ಬೆರೆಸಿ ದಿನಕ್ಕೆ ಎರಡು ಸಲ ಒಳಗೂ ಹೊರಗೂ ತೊಳೆದೆ. ಉರಿ ಹೆಚ್ಚಿತು. ಮೂರು ಸಲ ತೊಳೆದೆ. ಹುಳು ಬಿಡುವಿಲ್ಲದೆ ಸೊಪ್ಪು ತಿನ್ನುವ ಕೊನೆಯ ವಾರ ಬಂದಾಗ ನನಗೆ ನೆಲದ ಮೇಲೆ ಕೂರಲೂ ಆಗುತ್ತಿರಲಿಲ್ಲ. ಇದು ಕ್ಯಾನ್ಸರೇ ಎಂದು ನಂಬಿದೆ. ಗೂಡು ಬಿಡಿಸುವವರೆಗೆ ಬಾಯಿ ಬಿಡಬಾರದೆಂದು ತೀರ್ಮಾನಿಸಿದೆ.

ಬಚ್ಚಲಿನಲ್ಲಿದ್ದ ಆ ಔಷಧಿಯ ಸೀಸೆ ಅಷ್ಟು ಬೇಗ ಖಾಲಿಯಾಗುವುದು ಯಾಕೆಂದು ಸೊಸೆ ಕೇಳಿದಳು. ಮೊದಲು ಗದರಿದೆ, ಆಮೇಲೆ ಹೇಳಿದೆ. ಮರುದಿನ ಬೆಳಗಿನ ಸೊಪ್ಪು ಹಾಕಿ ಇಬ್ಬರೂ ಶಿಡ್ಲಘಟ್ಟದ ಬಸ್ಸು ಹತ್ತಿದೆವು.

ಅಲ್ಲಿನ ಆಸ್ಪತ್ರೆಯ ಡಾಕ್ಟರಮ್ಮ ಒಳಗಿನ ಮಾದರಿ ತೆಗೆದರು. ಮೂತ್ರ, ರಕ್ತದ ಸಕ್ಕರೆ ನೋಡಿಸಿದರು. ಫಲಿತಾಂಶಕ್ಕೆ ಮತ್ತೆ ಹೋದಾಗ, ನಾನು ಹೆದರಿದ ರೋಗವೂ ಇಲ್ಲ, ಸೋಂಕೂ ಇಲ್ಲ ಎಂದರು. ಹೇಗೆ ತೊಳೆಯುತ್ತೀರಿ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ವಿವರಿಸಿದೆ.

“ಒಳಗಡೆ ಒಳ್ಳೆ ಕ್ರಿಮಿಗಳೂ ಇರ್ತವಮ್ಮ, ಕಾವಲಿಗೆ. ಅವನ್ನೆಲ್ಲ ನೀವೇ ಸಾಯಿಸ್ತಿದ್ದೀರ. ಮುಟ್ಟು ನಿಂತ್ಮೇಲೆ ಅಲ್ಲಿ ಚರ್ಮ ಮೊದ್ಲೇ ತೆಳ್ಳಗಾಗಿ ಒಣಗಿರ್ತದೆ.”

ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದಳು. “ಅದನ್ನೂ ಹುಳು ಮನೆ ಅಂದ್ಕೊಂಡ್ಬಿಟ್ರಾ ಅತ್ತೆ?”

ಹೊರಭಾಗಕ್ಕೆ ಬರಿ ನೀರು, ಹತ್ತಿಯ ಒಳಉಡುಪು, ಒಂದು ಹಾರ್ಮೋನ್ ಕ್ರೀಮು. ಇಷ್ಟೇ ಚಿಕಿತ್ಸೆ. ಮೊಸರಿನಂಥ ಬಿಳಿ ಸ್ರಾವ ಹೋದರೆ, ಕೆಟ್ಟ ವಾಸನೆ ಬಂದರೆ ಕಾರಣವೂ ಬೇರೆ, ಔಷಧಿಯೂ ಬೇರೆ. ಅಂಗಡಿಯಲ್ಲಿ ಕೇಳಿ ಏನನ್ನೂ ಹಚ್ಚಬಾರದು. ಮುಟ್ಟು ನಿಂತವರಿಗೆ ರಕ್ತ ಕಂಡರೆ ತಡಮಾಡದೆ ಬರಬೇಕು ಎಂದರು.

ಕ್ರೀಮು ಹಚ್ಚುವುದು ಸುಲಭವಾಗಿತ್ತು, ಹಚ್ಚುವ ದಿನಗಳನ್ನು ಗೊತ್ತುಮಾಡಿಕೊಂಡೆ. ತೊಳೆಯದೆ ಇರುವುದೇ ಕಷ್ಟವಾಯಿತು. ಕೈ ತಾನಾಗಿ ಸೀಸೆಯ ಕಡೆ ಹೋಗುತ್ತಿತ್ತು. ಸೊಸೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ನಾನು ಕೀಲಿಕೈ ಕೇಳಲಿಲ್ಲ.

ಮುಂದಿನ ಬೆಳೆಯ ಕೊನೆಯ ವಾರ, ಚೀಲದ ಮೇಲೆ ಕಾಲು ಒರೆಸಿ ಒಳಗೆ ಹೋಗಿ, ಮಧ್ಯಾಹ್ನದವರೆಗೂ ನೆಲದ ಮೇಲೆ ಕೂತು ಸೊಪ್ಪು ಬಿಡಿಸಿದೆ.