ಕಹಿ ಸೋರೆಯ ಪಾಠ

ಒಂಬತ್ತನೇ ತರಗತಿಯವರು ರಸಾಯನಶಾಸ್ತ್ರ ಕಲಿಸುವ ಅವಳಿಗಿಟ್ಟ ಅಡ್ಡಹೆಸರು ಲಿಟ್ಮಸ್ ಮೇಡಂ. ಸಿಟ್ಟು ಬಂದರೆ, ಆಸಿಡ್ ತಾಗಿದ ಲಿಟ್ಮಸ್ ಕಾಗದದ ಹಾಗೆ, ಮೂಗಿನ ತುದಿ ಕೆಂಪಾಗುತ್ತದೆಂದು. ಹೆಸರು ಅವಳ ಕಿವಿಗೂ ಬಿದ್ದಿತ್ತು. ಪಾಠ ತಲೆಗೆ ಹತ್ತಿದೆ ಅನ್ನುವುದಕ್ಕೆ ಇದೊಂದಾದರೂ ಸಾಕ್ಷಿ ಸಿಕ್ಕಿತಲ್ಲ ಎಂದು ಸುಮ್ಮನಿದ್ದಳು.

ವರ್ಷಕ್ಕೊಂದು ಪಾಠವನ್ನು ಅವಳು ಪುಸ್ತಕ ಮುಚ್ಚಿಟ್ಟು ಮಾಡುತ್ತಿದ್ದಳು. ಮೇಜಿನ ಮೇಲೆ ಎರಡು ಗಾಜಿನ ತಟ್ಟೆ, ಎರಡರಲ್ಲೂ ವಿಟಮಿನ್ ಸಿ ಪುಡಿ. "ಇದು ಹಣ್ಣಿನಿಂದ ತೆಗೆದದ್ದು, ಇದು ಕಾರ್ಖಾನೆಯಲ್ಲಿ ಮಾಡಿದ್ದು. ಆರೋಗ್ಯಕ್ಕೆ ಯಾವುದು ಒಳ್ಳೇದು?"

ಕೈಗಳೆಲ್ಲ ಹಣ್ಣಿನ ಕಡೆಗೆ. ಅವಳು ಮಕ್ಕಳಿಗೆ ಕಾಣದಂತೆ ಬೆನ್ನು ತಿರುಗಿಸಿ, ಕಣ್ಣು ಮುಚ್ಚಿಕೊಂಡು ತಟ್ಟೆಗಳನ್ನು ಹಲವು ಸಲ ಅದಲುಬದಲು ಮಾಡಿದಳು. "ಈಗ ಹೇಳಿ, ನೋಡೋಣ."

"ನಿಮಗೆ ಗೊತ್ತಾ ಮೇಡಂ?"

"ನನಗೂ ಗೊತ್ತಿಲ್ಲ. ಹೊಟ್ಟೆಗೂ ಗೊತ್ತಾಗಲ್ಲ."

"ಆದ್ರೆ ನಮ್ಮಜ್ಜಿ, ರಾಸಾಯನಿಕ ಅಂದ್ರೇನೇ ವಿಷ ಅಂತಾರೆ!" ಹಿಂದಿನ ಬೆಂಚಿನಿಂದ ಕೂಗು ಬಂತು.

"ನಿಮ್ಮಜ್ಜಿ ಕುಡಿಯೋ ನೀರೂ ರಾಸಾಯನಿಕವೇ ಕಣೋ. ಹರಳುಬೀಜದಲ್ಲಿರೋ ವಿಷವನ್ನ ಯಾವ ಕಾರ್ಖಾನೆಯವರು ತಂದು ಹಾಕಿದ್ರು? ಎಲ್ಲಿಂದ ಬಂತು ಅಂತ ಕೇಳಿದರೆ ಸಾಲದು. ಅದು ಏನು, ಎಷ್ಟು ಒಳಗೆ ಹೋಯ್ತು ಅಂತ ಕೇಳಿ. ಹಾಗಂತ ಕಾರ್ಖಾನೆದೆಲ್ಲ ಅಮೃತ ಅಂತ ಬರ್ಕೊಂಡು ಬಂದ್ರೆ ಸೊನ್ನೆ ಹಾಕ್ತೀನಿ."

ಶಾಲೆಯಲ್ಲಿ ಹೀಗೆ ಕಡ್ಡಿ ಮುರಿದಂತೆ ಮಾತಾಡುವವಳು ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಗಂಡ ಮುದ್ರಣಾಲಯದ ಮೇಲ್ವಿಚಾರಕ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೀರಿ ಎಂದು ಡಾಕ್ಟರು ಹೇಳಿದಂದಿನಿಂದ ಪ್ರಕೃತಿಯ ಕಡೆ ವಾಲಿದ್ದ. "ನಮ್ಮನೇಲಿ ಇನ್ಮೇಲೆ ಕೆಮಿಕಲ್ ಇಲ್ಲ" ಎಂದು ಸಾರಿದ್ದೇ ತಡ, ಪಾತ್ರೆಯ ಸೋಪು, ಬಟ್ಟೆಯ ಪುಡಿ, ನೆಲ ಒರೆಸುವ ದ್ರಾವಣ ಎಲ್ಲ ಮನೆ ಬಿಟ್ಟವು. ಅಂಟುವಾಳ, ಬೂದಿ, ನಿಂಬೆಸಿಪ್ಪೆ ಬಂದು ಕೂತವು. ಸಾರಿದವನು ಅವನು. ನೆನೆಸಿ, ಕುದಿಸಿ, ಕಿವುಚಿ, ಸೋಸುವವಳು ಅವಳು. ಪ್ರಕೃತಿ ತಾನಾಗಿಯೇ ಸೋಸಿಕೊಂಡು ಬಂದು ಬಾಟಲಿಯಲ್ಲಿ ಕೂರುವುದಿಲ್ಲವಲ್ಲ. ಬೆಳಗ್ಗೆ ಅವನಿಗೆ ಸೋರೆಕಾಯಿ ರಸವಾಗಬೇಕು. ಸಿಪ್ಪೆ ಹೆರೆದು, ಹೆಚ್ಚಿ, ಮಿಕ್ಸಿಗೆ ಹಾಕಿ, ಬಟ್ಟೆಯಲ್ಲಿ ಹಿಂಡಿ ಕೊಟ್ಟರೆ ಒಂದೇ ಗುಟುಕಿಗೆ ಮುಗಿಸಿ, "ಎಷ್ಟು ಸುಲಭ ನೋಡು, ಮಾತ್ರೆ ಗೀತ್ರೆ ಏನೂ ಬೇಡ" ಎನ್ನುತ್ತಿದ್ದ.

ಒಂದು ಬೆಳಗ್ಗೆ ಬೆರಳಿಗಂಟಿದ ರಸವನ್ನು ನಾಲಿಗೆಗೆ ತಾಗಿಸಿದವಳು ತಕ್ಷಣ ಉಗಿದು ಬಾಯಿ ಮುಕ್ಕಳಿಸಿದಳು.

"ಇವತ್ತು ಇದು ಬೇಡ. ಕಾಯಿ ಕಹಿ ಇದೆ. ಸೋರೆ ಕಹಿಯಾದರೆ ವಿಷ."

"ಹಾಗಲಕಾಯಿ ಕಹಿ ಅಲ್ವಾ? ಬೇವು ಕಹಿ ಅಲ್ವಾ? ಕಹಿ ಇದ್ದಷ್ಟೂ ಔಷಧ ಕಣೇ."

"ಅದು ಬೇರೆ, ಇದು ಬೇರೆ. ಬೇಡ ಅಂದ್ನಲ್ಲ."

"ನಿನ್ನ ಪಾಠ ಶಾಲೇಲಿರಲಿ" ಎಂದು ಲೋಟ ಕಸಿದುಕೊಂಡು ಗಟಗಟ ಕುಡಿದ.

ಅವಳು ಶಾಲೆಗೆ ಹೊರಡುವ ಮೊದಲೇ ವಾಂತಿ ಶುರುವಾಯಿತು. ಕೊನೆಕೊನೆಗೆ ರಕ್ತದ ಎಳೆಗಳೂ ಬಂದವು. ಆಟೋದಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಸೇರಿಸಿದಳು.

ಮಧ್ಯಾಹ್ನ ಅವನ ತಂಗಿ ಓಡೋಡಿ ಬಂದಳು. ಅಣ್ಣನ ಹಣೆ ಮುಟ್ಟಿದಳು, ಕಣ್ಣೊರೆಸಿಕೊಂಡಳು, ಆಮೇಲೆ ಇತ್ತ ತಿರುಗಿದಳು.

"ತಪ್ಪು ತಿಳ್ಕೋಬೇಡಿ ಅತ್ತಿಗೆ. ನಿಮ್ಮ ಲ್ಯಾಬಿಂದ ಮನೆಗೆ ಏನಾದ್ರೂ ತರ್ತೀರಾ? ಬಾಟಲಿ ಗೀಟಲಿ?"

"ಇಲ್ಲ."

"ಅಲ್ಲಾ, ಬರೀ ಸೋರೆಕಾಯಿಂದ ಯಾರಿಗಾದ್ರೂ ಹೀಗಾಗುತ್ತಾ? ನೀವೇ ಕೆಮಿಸ್ಟ್ರಿಯವರು."

ಅವಳು ಗಂಡನ ಮುಖ ನೋಡಿದಳು. ಕೈಗೆ ಡ್ರಿಪ್ ಹಾಕಿದ್ದರು, ಎಚ್ಚರವಾಗಿಯೇ ಇದ್ದ. ಕಣ್ಣು ಮುಚ್ಚಿಕೊಂಡ.

ಅಷ್ಟರಲ್ಲಿ ಡಾಕ್ಟರಮ್ಮ ಬಂದರು. "ಇದು ಆ ಕಾಯಲ್ಲೇ ಇರೋ ವಿಷ. ಇದಕ್ಕೆ ಪ್ರತಿಮದ್ದಿಲ್ಲ. ಬೇಗ ಕರ್ಕೊಂಡು ಬಂದಿದ್ದಕ್ಕೆ ಬಚಾವು. ಕಹಿ ಗೊತ್ತಾಗಲಿಲ್ವಾ?"

"ಸ್ವಲ್ಪ..." ಎಂದ. ಬೇಡ ಅಂದವಳ ಮಾತೆತ್ತಲಿಲ್ಲ.

ಡಾಕ್ಟರಮ್ಮ ಅತ್ತ ಹೋಗುತ್ತಲೇ ನಾದಿನಿ, "ಬಳ್ಳಿಗೆ ಯಾರು ಏನು ಹೊಡೆದಿದ್ರೋ" ಎಂದಳು. ಬಳ್ಳಿ ಇದ್ದದ್ದು ಮನೆಯ ಹಿತ್ತಿಲಲ್ಲಿ. ಅದಕ್ಕೆ ನೀರೆರೆಯುವವಳು ಅತ್ತಿಗೆಯೇ ಎಂದು ನಾದಿನಿಗೆ ಚೆನ್ನಾಗಿ ಗೊತ್ತಿತ್ತು.

ಗಂಡ ಮನೆಗೆ ಬಂದ ಮೇಲೆ ಅವಳು ಶಾಲೆಗೆ ಹೋದಳು. ಸುದ್ದಿ ಅವಳಿಗಿಂತ ಮೊದಲೇ ಹೋಗಿ ಕೂತಿತ್ತು. ತರಗತಿಯ ಗದ್ದಲ ಕತ್ತರಿಸಿದಂತೆ ನಿಂತಿತು. ಮುಂದಿನ ಬೆಂಚಿನ ವಾಚಾಳಿ ಹುಡುಗಿಗೆ ಮಾತ್ರ ತಡೆಯಲಾಗಲಿಲ್ಲ.

"ಮೇಡಂ, ನಿಮ್ಮನೆ ಅಂಕಲ್ ಲೋಟಕ್ಕೆ ಲ್ಯಾಬಿನ ಆಸಿಡ್ ಬಿದ್ದಿತ್ತಂತೆ... ಹೌದಾ?"

ಅವಳು ಸೀಮೆಸುಣ್ಣ ಎತ್ತಿಕೊಂಡಳು. ಬೋರ್ಡಿನ ಮೇಲೆ ಸೋರೆಕಾಯಿ ಎಂದು ಬರೆದು, ಅದರ ಕೆಳಗೆ ಕುಕುರ್ಬಿಟಾಸಿನ್ ಎಂದು ಬರೆದಳು.

"ಇದು ಆ ವಿಷದ ಹೆಸರು. ಹುಳ ತಿನ್ನದ ಹಾಗೆ ಗಿಡವೇ ಮಾಡ್ಕೊಳ್ಳೋದು. ಯಾರೂ ಬೆರೆಸಿದ್ದಲ್ಲ. ಗುರುತು ಒಂದೇ, ಕಹಿ. ಆ ಲೋಟದ ರಸ ಹಿಂಡಿದವಳು ರುಚಿ ನೋಡಿ ಬೇಡ ಅಂದಳು. ಕುಡಿದವರು ಕಹಿ ಔಷಧ ಅಂದ್ಕೊಂಡು ಕುಡಿದರು. ಬರ್ಕೊಳ್ಳಿ."

ಮಕ್ಕಳು ಬರೆದುಕೊಂಡರು. ಸಂಜೆಯೊಳಗೆ ಪಾಠ ಅವರವರ ಮನೆಗಳಿಗೆ ಹೋಯಿತು. ಅಲ್ಲಿಂದ ಬೀದಿಗಿಳಿದು ಅವಳ ಮನೆಗೂ ಬಂತು.

"ಮನೆ ವಿಷಯಾನ ಕ್ಲಾಸಲ್ಲಿ ಹೇಳಿದೆಯಂತೆ?" ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ.

"ನಿಮ್ಮ ತಂಗಿ ಕೇಳಿದಾಗ ನೀವೇ ಹೇಳಿದ್ರೆ ನಾನು ಬೋರ್ಡ್ ಮೇಲೆ ಬರೀಬೇಕಾಗಿರಲಿಲ್ಲ." ಅವಳು ಪಾತ್ರೆ ಉಜ್ಜುತ್ತಲೇ ಇದ್ದಳು. "ಊರಿಗೆಲ್ಲ ಗೊತ್ತಾಯ್ತು. ಅವಳೊಬ್ಬಳಿಗೆ ಗೊತ್ತಾಗಿಲ್ಲ."

"ಅವಳಿಗೀಗ ಏನಂತ ಹೇಳ್ಲಿ?"

"ಆದದ್ದು ಹೇಳಿ."

ಅವನು ಹೊರಗಿನ ಕೋಣೆಗೆ ಹೋಗಿ ತಂಗಿಗೆ ಫೋನ್ ಹಚ್ಚಿದ. ಊಟ ಆಯ್ತಾ ಎಂದ. ಮಗುವಿನ ಶೀತದ ಬಗ್ಗೆ ವಿಚಾರಿಸಿದ. ಭಾವ ಊರಿಂದ ಬಂದರಾ ಎಂದ. ಅವಳು ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು.

"ಅಲ್ಲ ಕಣೇ, ನಿನ್ನ ಅತ್ತಿಗೆ ಅವತ್ತು ಬೇಡ ಅಂದಿದ್ದಳು. ನಾನೇ ಕಸ್ಕೊಂಡು ಕುಡಿದೆ."

ಅವಳು ಮತ್ತೆ ನಲ್ಲಿ ತಿರುಗಿಸಿದಳು. ಪಾತ್ರೆ ಇನ್ನೂ ಅರ್ಧ ಉಳಿದಿತ್ತು.