ಐವರಿಗೆ ಒಂದೇ ಪಾಸ್‌ವರ್ಡ್

ಮಡಗಾಂವದ ಗುಡ್ಡದ ಬಸ್ತಿ ಮೋತಿ ಡೊಂಗರ್‌ನ ಹುಲಿಗೆಪ್ಪ ಬೆಳಿಗ್ಗೆ ಫೋನು ತೆಗೆದು ಪಾಸ್‌ವರ್ಡ್ ಒತ್ತುವಾಗ ಅವನನ್ನು ಮಾತಾಡಿಸಬೇಡಿ. ಆಗ ಅವನ ಮುಖ ಇಷ್ಟೇ ಇಷ್ಟಾಗಿರುತ್ತದೆ. ಇಂಗ್ಲಿಷ್ ಬಾರದ ನಾಚಿಕೆ ಅಂದುಕೊಂಡವರಿದ್ದಾರೆ. ಅದಲ್ಲ, ಕೇಳಿ.

ಸ್ಲ್ಯಾಬ್ ಹಾಕುವವರಿಗೆ ಸೆಂಟ್ರಿಂಗ್ ಸಾಮಾನು ಬಾಡಿಗೆ ಕೊಡುವುದು ಅವನ ಧಂದೆ: ಕಬ್ಬಿಣದ ಪ್ಲೇಟು, ಅವನ್ನು ಕೆಳಗಿನಿಂದ ಎತ್ತಿ ಹಿಡಿಯುವ ಜಾಕು. ಇಪ್ಪತ್ತು ವರ್ಷದ ಹಿಂದೆ ಕುಷ್ಟಗಿ ಕಡೆಯ ಹನುಮನಾಳದಿಂದ ಬರಿಗೈಲಿ ಬಂದು ಮಡಗಾಂವದಲ್ಲಿ ಬುಟ್ಟಿ ಹೊತ್ತವನು. ಅವನಿಗೆ ಮೊದಲ ಮೂವತ್ತು ಪ್ಲೇಟು ಕೊಟ್ಟು ಧಂದೆಗೆ ಹಚ್ಚಿದವನು ಅದೇ ಊರಿನ ಶಫೀಸಾಬ. ಶಫೀಸಾಬನದೂ ಅದೇ ಧಂದೆ, ಗುಡ್ಡದ ಇನ್ನೊಂದು ತುದಿಗೆ. ಒಬ್ಬನಿಗೆ ಜಾಕು ಕಡಿಮೆ ಬಿದ್ದರೆ ಇನ್ನೊಬ್ಬ ಟೆಂಪೋ ತುಂಬಿ ಕಳಿಸುವುದು, ಬಾಡಿಗೆಯ ಮಾತೇ ಎತ್ತದಿರುವುದು ಅವರ ಪದ್ಧತಿ. ಹುಲಿಗೆಪ್ಪ ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದ.

ಯಾವ ಸೈಟಿಗೆ ಎಷ್ಟು ಸಾಮಾನು ಹೋಗಿದೆ, ಯಾವ ಆಳು ಎಲ್ಲಿದ್ದಾನೆ, ಇದೆಲ್ಲ ಇಬ್ಬರಿಗೂ ತಲೆಯಲ್ಲೇ. ತಲೆ ಎಷ್ಟಂತ ಹಿಡಿದೀತು? ಎರಡು ವರ್ಷದಲ್ಲಿ ಇನ್ನೂರು ಜಾಕು ಯಾರ ಸೈಟಿನಲ್ಲೋ ಮಣ್ಣುಪಾಲಾದವು. ಆಗ ಶಫೀಸಾಬನ ಮಗಳು ಸಮ್ರೀನ, ಬಿ.ಕಾಂ. ಮುಗಿಸಿ ಮನೆಯಲ್ಲಿದ್ದವಳು, ಒಂದು ಸಾಫ್ಟ್‌ವೇರ್ ಹುಡುಕಿದಳು. ಸ್ಟಾಕು, ಆರ್ಡರು, ಆಳು, ಗಾಡಿ ಎಲ್ಲವೂ ಒಂದರಲ್ಲೇ. ವರ್ಷದ ಬೆಲೆ ಕೇಳಿದ ಅಪ್ಪ ಚಹಾ ಬಿಟ್ಟು ಎದ್ದೇ ಹೋದ.

ಹುಡುಗಿ ಬಿಡಲಿಲ್ಲ. "ಐದು ಮಂದಿ ಕೂಡ್ರಿ. ಒಂದ ಕಂಪನಿ, ಐದು ಬ್ರ್ಯಾಂಚ್ ಅಂತ ತಗೊಂಡ್ರ ಒಬ್ಬರ ರೊಕ್ಕದಾಗ ಐದೂ ಮಂದೀದು ನಡೀತೈತಿ" ಎಂದಳು.

ಮಿಕ್ಸರ್ ಯಂತ್ರದ ಯಮನೂರ, ಟೆಂಪೋದ ರಿಯಾಜ, ಮರಳಿನ ಕೇಶಪ್ಪ ಸೇರಿಕೊಂಡರು. ಐವರಿಗೂ ಬೇರೆ ಬೇರೆ ಹಾಳೆ, ಆದರೆ ಅಗ್ಗದ ಪ್ಯಾಕೇಜು ನೋಡಿ, ಪಾಸ್‌ವರ್ಡ್ ಒಂದೇ. ಶಫೀಸಾಬ ತನ್ನೂರು ಹನುಮನಾಳದ ಹೆಸರನ್ನೇ ಇಡಿಸಿದ. ಬಾಗಿಲು ತೆಗೆದರೆ ಯಾರು ಯಾರ ಹಾಳೆಯನ್ನಾದರೂ ನೋಡಬಹುದು. ಅದಕ್ಕೆ ಒಂದು ಜಾಕು ನಿಲ್ಲಿಸಿ ಐವರೂ ಕೈಯಿಟ್ಟು ಆಣೆ ಮಾಡಿದರು: ಇನ್ನೊಬ್ಬರ ಹಾಳೆ ತೆಗೆಯುವುದಿಲ್ಲ.

"ಅನ್ನ ಹಾಕೋ ಕಬ್ಬಿಣ ಮುಟ್ಟೇವಿ. ಇನ್ನ ಬ್ಯಾರೆ ಬೀಗ ಯಾಕ?" ಎಂದ ಶಫೀಸಾಬ.

ಐವರ ಲೆಕ್ಕ ತುಂಬುವ ಕೆಲಸ ಸಮ್ರೀನಳದಾಯಿತು, ಐವರೂ ಕೂಡಿ ಸಂಬಳ ಕೊಟ್ಟರು. ಮೊದಲ ಸಂಬಳದಲ್ಲಿ ಅವಳು ಎಲ್ಲರ ಮನೆಗೂ ಪೇಢೆ ಹಂಚಿದಳು. ಹುಲಿಗೆಪ್ಪ ಎರಡು ತಿಂದ.

ಮಳೆಗಾಲ ಮುಗಿದು ಕಟ್ಟಡದ ಕೆಲಸ ಶುರುವಾದರೂ ಹುಲಿಗೆಪ್ಪನ ಪ್ಲೇಟುಗಳು ಮಾತ್ರ ಅಂಗಳ ಬಿಟ್ಟು ಏಳಲಿಲ್ಲ. ಒಂದು ಬೆಳಿಗ್ಗೆ ಅವನ ಬೆರಳು ಶಫೀಸಾಬನ ಹಾಳೆಯ ಮೇಲೆ ಬಿತ್ತು. ತಪ್ಪಿ ಬಿತ್ತು ಎಂದು ತನಗೆ ತಾನೇ ಹೇಳಿಕೊಂಡ. ಸುಳ್ಳು. ಅಲ್ಲಿ ಬರೆದಿತ್ತು: ನಾವೆಲಿಂ ಸೈಟು, ಮೇಸ್ತ್ರಿ ಥಾವರಪ್ಪ, ಶುಕ್ರವಾರ ಸ್ಲ್ಯಾಬು. ಕೆಳಗೆ ಕೆಂಪು ಅಕ್ಷರದಲ್ಲಿ: ಎಂಬತ್ತು ಜಾಕು ಕಡಿಮೆ.

ಪದ್ಧತಿಯಂತೆ ನಡೆದಿದ್ದರೆ ಎಂಬತ್ತು ಜಾಕು ತುಂಬಿ ಅಣ್ಣನಿಗೆ ಕಳಿಸಬೇಕಿತ್ತು. ಇವನು ಸ್ಕೂಟರ್ ಹತ್ತಿ ನೇರ ನಾವೆಲಿಂಗೆ ಹೋದ.

"ಶಫೀಸಾಬನ ಕಡೆ ಎಂಬತ್ತು ಜಾಕು ಕಡಿಮಿ ಅದಾವ್ರಿ ಮೇಸ್ತ್ರಿ. ಸ್ಲ್ಯಾಬ್ ಅರ್ಧಕ್ಕ ನಿಂತ್ರ ಹೆಂಗ್ರಿ? ನನ್ನ ಕಡೆ ಎಲ್ಲಾ ಐತಿ."

ಆರ್ಡರು ಇವನದಾಯಿತು. ಮರುದಿನ ಮಧ್ಯಾಹ್ನ ಶಫೀಸಾಬ ಬಂದ. ಬೈಯಲು ಬಂದನೆಂದೇ ಹುಲಿಗೆಪ್ಪ ಅಂದುಕೊಂಡ. ಅವನು ಬೈಯಲಿಲ್ಲ.

"ಆರ್ಡರ್ ನಿನಗ ಬಂತಂತ, ಚಲೋ ಆತು. ಹೊರಗಿನವರ ಪಾಲು ಆಗಲಿಲ್ಲಲ್ಲ" ಎಂದು ಕಲ್ಲಿನ ಮೇಲೆ ಕುಳಿತ. "ಆದ್ರ ಹುಲಿಗ್ಯಾ, ಮೇಸ್ತ್ರಿ ಎಂಬತ್ತು ಅಂತ ಖರೇ ಲೆಕ್ಕ ಹೇಳಿದ ನೋಡು, ಯಾರು ಹೇಳಿದ್ರಂದ್ರ ಹೆಸರು ಹೇಳವಲ್ಲ. ಆ ಲೆಕ್ಕ ನನಗ, ಸಮ್ರೀನಗ ಬಿಟ್ರ ಯಾರಿಗೂ ಗೊತ್ತಿರಲಿಲ್ಲ. ಆಕೀನ ಎಲ್ಲೋ ಬಾಯಿ ಬಿಟ್ಟಾಳ."

ಇಲ್ಲಿ ಸುಮ್ಮನಿದ್ದರೂ ಒಂದಿಷ್ಟು ಮಾನ ಉಳಿಯುತ್ತಿತ್ತು. ಪುಣ್ಯಾತ್ಮ ಬಾಯಿ ತೆರೆದ.

"ಸಣ್ಣ ಹುಡುಗಿ ಅಲ್ಲೇನಣ್ಣಾ? ಬಾಯಿ ಜಾರಿರಬೇಕು."

ಶಫೀಸಾಬ ಮಗಳನ್ನು ಅಂದೇ ಕೆಲಸ ಬಿಡಿಸಿದ. ಐದು ಮಂದಿಯ ಧಂದೆ ಕೈಯಲ್ಲಿಟ್ಟುಕೊಂಡವಳು ನಂಬಿಕೆಗೆ ಎರವಾದಳು ಎಂದು ಅವಳ ಫೋನನ್ನೂ ಇಸಿದುಕೊಂಡ. ಎರಡು ದಿನ ಬಿಟ್ಟು ಸಮ್ರೀನ ನೀರಿನ ಕೊಡ ಹಿಡಿದು ಹುಲಿಗೆಪ್ಪನ ದಾರಿಗೆ ಅಡ್ಡ ನಿಂತಳು. ಕಣ್ಣು ಊದಿದ್ದವು.

"ಕಾಕಾ, ನಾ ಯಾರ ಮುಂದೂ ಹೇಳಿಲ್ರಿ. ನೀವರ ಅಪ್ಪಗ ಹೇಳ್ರಿ. ನಿಮ್ಮ ಮಾತು ಕೇಳ್ತಾನ."

ಹುಲಿಗೆಪ್ಪ "ಹೂನವಾ" ಎಂದಷ್ಟೇ ಹೇಳಿ ದಾಟಿದ. ಮನೆಯಲ್ಲಿ ಹೆಂಡತಿ ಬಡಿಸಿದ ರೊಟ್ಟಿ ಮುರಿದು ಹಾಗೇ ಕುಳಿತ. ಕಳ್ಳನಾದದ್ದು ಒಂದು ನಾಚಿಕೆ. ತನ್ನ ಕಳ್ಳತನವನ್ನು ಅಣ್ಣನ ಮಗಳ ತಲೆಗೆ ಕಟ್ಟಿದ್ದು ಅದಕ್ಕಿಂತ ಹೇಸಿಗೆ, ಮತ್ತು ಆ ಮಗಳೇ ಸಹಾಯ ಕೇಳಿ ಬಂದಾಗ ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು.

ಭಾನುವಾರ ಐವರೂ ಶಫೀಸಾಬನ ಅಂಗಳದಲ್ಲಿ ಸೇರಿದರು. ಲೆಕ್ಕ ತುಂಬುವವರಿಲ್ಲವೆಂದು ಸಾಫ್ಟ್‌ವೇರ್ ಬಂದ್ ಮಾಡುವ ಮಾತು ನಡೆದಿತ್ತು. ಆಣೆ ಮಾಡಿದ ಜಾಕು ಇನ್ನೂ ಮೂಲೆಯಲ್ಲೇ ನಿಂತಿತ್ತು. ಹುಲಿಗೆಪ್ಪ ಎದ್ದು ಅದನ್ನು ಹಿಡಿದುಕೊಂಡ.

"ಅಣ್ಣಾ, ನಿನ್ನ ಹಾಳಿ ತಗದಾಂವ ನಾನು. ಮೇಸ್ತ್ರಿಗೆ ಹೇಳಿದಾಂವನೂ ನಾನು. ಹುಡುಗೀದು ಏನೂ ತಪ್ಪಿಲ್ಲ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಶಫೀಸಾಬ ಅಂದ:

"ಆರ್ಡರ್ ಬೇಕಾಗಿತ್ತು ಅಂದಿದ್ರ ಕೊಡ್ತಿದ್ದೆ. ಅದು ಹೋಗ್ಲಿ. ಬಾಯಿ ಜಾರಿರಬೇಕು ಅಂದ್ಯಲ್ಲೋ ಹುಲಿಗ್ಯಾ, ಅದನ್ನ ಹೆಂಗ ಮರೀಲಿ?"

ಹುಲಿಗೆಪ್ಪ ತಲೆ ತಗ್ಗಿಸಿಕೊಂಡು ಮನೆಗೆ ಬಂದ. ಮರುದಿನ ಫೋನಿನಲ್ಲಿ ಹನುಮನಾಳ ಎಂದು ಒತ್ತಿದರೆ ಬಾಗಿಲು ತೆರೆಯಲಿಲ್ಲ. ಮೂರು ಸಲ ಒತ್ತಿದ. ಸರಿ, ಹೊರಗೆ ಹಾಕಿದರು, ಮಾಡಿದ್ದಕ್ಕೆ ತಕ್ಕುದಾಯಿತು ಅಂದುಕೊಂಡ. ಹೇಳಬಾರದು, ಅವನಿಗೆ ಒಂದು ಥರ ಹಗುರವೂ ಆಯಿತು. ಅಷ್ಟರಲ್ಲಿ ಸಮ್ರೀನಳ ಫೋನು ಬಂತು. ಕೆಲಸಕ್ಕೆ ಮರಳಿದ್ದಳು.

"ಅಪ್ಪ ಹೊಸಾ ಪಾಸ್‌ವರ್ಡ್ ಇಡಿಸ್ಯಾನ್ರಿ ಕಾಕಾ. ಬರಕೋರಿ. ನಿಮ್ಮ ಹೆಸರಽ."

"ನನಗಷ್ಟಽ ಏನವಾ?"

"ಇಲ್ರಿ. ಐದೂ ಮಂದಿಗೆ."

ಅಂದಿನಿಂದ ನಾಲ್ವರು ದಿನಾ ಬೆಳಿಗ್ಗೆ ಹುಲಿಗೆಪ್ಪ ಎಂದು ಒತ್ತಿ ತಮ್ಮ ಹಾಳೆ ತೆಗೆಯುತ್ತಾರೆ. ಐದನೆಯವನು ಒಂದೊಂದೇ ಅಕ್ಷರ ಹುಡುಕಿ ತನ್ನ ಹೆಸರು ಒತ್ತುತ್ತಾನೆ, ತನ್ನ ಹಾಳೆಯನ್ನಷ್ಟೇ ನೋಡಿ ಫೋನು ಕಿಸೆಗಿಡುತ್ತಾನೆ. ಶಫೀಸಾಬನಿಗೆ ಜಾಕು ಕಡಿಮೆ ಬಿದ್ದದ್ದು ಈಗ ಅವನಿಗೆ ಗೊತ್ತಾಗುವುದಿಲ್ಲ. ಕೇಳಲು ಶಫೀಸಾಬ ಬರುವುದೂ ಇಲ್ಲ.