ಹೊಳಲೂರಿನ ಏರು

ಹೆಂಡತಿಯ ಜೊತೆಗಿನ ಹನ್ನೊಂದು ವರ್ಷದ ಜಗಳವೊಂದನ್ನು ಹೋದ ವಾರ ಗೆದ್ದುಬಿಟ್ಟೆ. ಗೆದ್ದದ್ದು ಮಾಚೇನಹಳ್ಳಿಯ ಒಂದು ಶೆಡ್ಡಿನಲ್ಲಿ. ನೋಡಲು ಅವಳಿರಲಿಲ್ಲ. ಅವಳು ತೀರಿಕೊಂಡು ವರ್ಷವಾಯಿತು.

ಜಗಳ ಇಷ್ಟೇ. ಸರೋಜ ಹೊಳಲೂರಿನಲ್ಲಿ ಟೀಚರ್ ಆಗಿದ್ದಳು. ಶಾಲೆ ಕೆಳಗೆ, ಹೊಳೆಯ ಕಡೆ. ಬಸ್ ಸ್ಟಾಪ್ ಮೇಲೆ.

"ಸಂಜೆ ಆ ಏರು ಹತ್ತೋಷ್ಟರಲ್ಲಿ ಸಾಕಾಗಿ ಹೋಗುತ್ತೆ. ಒಂದಿನ ಸ್ಕೂಟರ್ ತಗೊಂಡು ಬರ್ಬಾರ್ದಾ?" ಅನ್ನುತ್ತಿದ್ದಳು.

"ಎಲ್ಲಿದೆ ಮಾರಾಯ್ತಿ ಏರು? ರೋಡು ಸಮ ಇದೆ" ಅನ್ನುತ್ತಿದ್ದೆ. (ಅವಳು ಕೆಲಸಕ್ಕೆ ಸೇರಿದ ದಿನ ಬಿಟ್ಟು ಬಂದಿದ್ದೆನಲ್ಲ, ಸ್ಕೂಟರಿನಲ್ಲಿ! ಸ್ಕೂಟರಿನಲ್ಲಿ ಕೂತವನಿಗೆ ಏರು ಗೊತ್ತಾಗುತ್ತದೆಯೇ?)

ಹೋದ ತಿಂಗಳು ಪೇಪರಿನಲ್ಲಿ ಓದಿದೆ. ಯಾವ ಊರಿನ ನೆಲ ಎಷ್ಟು ಎತ್ತರ ಅನ್ನುವ ಅಂಕಿಗಳೆಲ್ಲ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವಂತೆ. ಮನೆಯಲ್ಲಿ ಮಾತಿಗೆ ಜನವಿಲ್ಲದವನಿಗೆ ಇಂಥ ಹುಚ್ಚು ಬೇಗ ಹತ್ತುತ್ತದೆ. ಸೈಬರ್ ಸೆಂಟರಿನಲ್ಲಿ ಹೊಳಲೂರಿನ ಅಂಕಿಗಳ ಸಿಡಿ ಮಾಡಿಸಿಕೊಂಡು ಸೆಲ್ವಂ ಹತ್ತಿರ ಹೋದೆ. ಭದ್ರಾವತಿಯವರು, ಮಾಚೇನಹಳ್ಳಿಯ ಶೆಡ್ಡಿನಲ್ಲಿ ಫೌಂಡ್ರಿಗಳಿಗೆ ಮರದ ಅಚ್ಚು ಮಾಡಿಕೊಡುತ್ತಾರೆ. ಅಂಕಿ ಕೊಟ್ಟರೆ ಅವರ ಕಂಪ್ಯೂಟರ್ ಮೆಷಿನ್ ನೆಲದ ಏರಿಳಿತವನ್ನು ಹಲಗೆಯ ಮೇಲೆ ತಾನೇ ಕೆತ್ತುತ್ತದೆ.

ಕೆತ್ತಿತು. ಹೊಳೆ ಒಂದು ಗೀರು. ಮಿಕ್ಕದ್ದೆಲ್ಲ ಚಪಾತಿ ಮಣೆ. ಏರಿನ ಸುಳಿವೇ ಇಲ್ಲ.

"ನೋಡಿದ್ಯಾ ಸರೋಜ? ನಾನು ಹೇಳಿರ್ಲಿಲ್ವಾ?" ಅಂದುಬಿಟ್ಟೆ. ಸೆಲ್ವಂ ನನ್ನ ಮುಖ ನೋಡಿದರು.

"ಹಾಗಲ್ಲ ಸಾರ್. ಇಡೀ ಊರನ್ನ ಒಂದು ಹಲಗೆಗೆ ಇಳಿಸಿದ್ದೀವಿ. ನಿಜದ ಅಳತೆಗೆ ಮಾಡಿದ್ರೆ ಇಂಥ ಏರೆಲ್ಲ ಕಾಣಲ್ಲ. ಎತ್ತರ ಮಾತ್ರ ಹತ್ತು ಪಟ್ಟು ಹಾಕ್ಬೇಕು. ಎಲ್ರೂ ಹಾಗೇ ಮಾಡೋದು."

"ಅದು ಸುಳ್ಳಾಗಲ್ವಾ?"

"ಸುಳ್ಳೇನ್ ಬಂತು ಸಾರ್? ನಡೆಯೋರಿಗೆ ಅಷ್ಟೇ ಎತ್ತರ ಅನ್ಸೋದು."

ಎರಡನೇ ಹಲಗೆ ಬಂತು. ಶಾಲೆಯ ಜಾಗದಲ್ಲಿ ಬೆರಳಿಟ್ಟು ಬಸ್ ಸ್ಟಾಪಿನ ಕಡೆ ಸರಿಸಿದೆ. ಬೆರಳು ಏರಿತು. ಏರುತ್ತಲೇ ಹೋಯಿತು. ಹೆಗಲಲ್ಲಿ ಚೀಲ, ಕೈಯಲ್ಲಿ ತಿದ್ದಬೇಕಾದ ನೋಟ್‌ಬುಕ್ಕುಗಳ ಕಟ್ಟು, ಅದರ ಮೇಲೆ ಅವಳ ಉಬ್ಬಸ. ಹನ್ನೊಂದು ವರ್ಷದಲ್ಲಿ ಒಂದು ಸಂಜೆ, ಒಂದೇ ಒಂದು ಸಂಜೆ ಹೋಗಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಸೆಲ್ವಂ ಎದುರು ತಲೆ ಎತ್ತಲು ನಾಚಿಕೆಯಾಯಿತು.

ಹಲಗೆಯನ್ನು ಮನೆಗೆ ತಂದೆ. ಊಟದ ಟೇಬಲ್ಲಿನಲ್ಲಿ ಅವಳು ಕೂರುತ್ತಿದ್ದ ಕಡೆ ಇಟ್ಟೆ. "ನೀನು ಹೇಳಿದ್ದೇ ಸರಿ ಸರೋಜ. ಏರು ಇದೆ" ಅಂತ ಗಟ್ಟಿಯಾಗಿಯೇ ಅಂದೆ. ಪಕ್ಕದ ಮನೆಯ ಕುಕ್ಕರ್ ಕೂಗಿತು, ಅಷ್ಟೇ. ಒಬ್ಬನೇ ತಟ್ಟೆ ಹಾಕಿಕೊಂಡು ಕೂತೆ.

ನಿಮ್ಮ ಮನೆಯಲ್ಲಿ ಈ ಮಾತು ಕೇಳಿಸಿಕೊಳ್ಳುವವರು ಇನ್ನೂ ಇದ್ದಾರಲ್ಲ, ಯಾವಾಗ ಹೇಳ್ತೀರಿ?